ಪಟ್ಟಾಯ, ಬ್ಯಾಂಕಾಕ್ ರಾತ್ರಿಗಳು: ಮೊದಲ ಗ್ಲಾಸಿಗೆ ಮುಂಚೆ ಮುಗಿಸುವ ಕೆಲಸಗಳು

ಪಟ್ಟಾಯದ ಸಾಧಾರಣ ಬಾರಿನಲ್ಲಿ ಒಂದು ಸಣ್ಣ ಬಾಟಲಿ ಬಿಯರಿಗೆ ನೂರು ಬಾತ್‌ನ ಆಚೆ ಈಚೆ. ನಮ್ಮ ಲೆಕ್ಕದಲ್ಲಿ ಮುನ್ನೂರು ರೂಪಾಯಿ ಅಂದುಕೊಳ್ಳಿ. ಎಷ್ಟೇ ಕುಡಿದರೂ ಬರೀ ಬಿಯರಿನಿಂದ ಯಾರ ಪ್ರವಾಸವೂ ಮುಳುಗುವುದಿಲ್ಲ. ಮುಳುಗಿಸುವುದು ಮಧ್ಯರಾತ್ರಿ ದಾಟಿದ ಮೇಲೆ ತೆಗೆದುಕೊಳ್ಳುವ ನಾಲ್ಕೈದು ತೀರ್ಮಾನ: ಯಾವ ಗಾಡಿ ಹತ್ತುವುದು, ಯಾವ ಎಟಿಎಂ, ಯಾರ ಹಿಂದೆ ಮೆಟ್ಟಿಲು ಏರುವುದು, ಬಿಲ್ಲು ಎಣಿಸುವುದೋ ಬೇಡವೋ. ಇವನ್ನೆಲ್ಲ ನಾನು ತಲೆ ತಣ್ಣಗಿರುವಾಗಲೇ, ಅರ್ಧಕ್ಕರ್ಧ ಬೆಂಗಳೂರಿನಲ್ಲೇ ಮುಗಿಸುತ್ತೇನೆ.

ಅಲ್ಲಿ ಇಳಿಯುವ ಮುಂಚಿನ ಮೂರು ದಿನದೊಳಗೆ ಥಾಯ್ಲೆಂಡಿನ ಡಿಜಿಟಲ್ ಆಗಮನ ಚೀಟಿ ತುಂಬಬೇಕು. 2025ರ ಮೇ 1ರಿಂದ ಇದು ಕಡ್ಡಾಯ, ಪೂರ್ತಿ ಉಚಿತ. ದುಡ್ಡು ಕೇಳುವ ಜಾಲತಾಣ ಎದುರಾದರೆ ಅದು ಸರ್ಕಾರದ್ದಲ್ಲ, ಮುಚ್ಚಿ ಹೊರಬನ್ನಿ. ಬ್ಯಾಂಕ್ ಆ್ಯಪ್‌ನಲ್ಲಿ ಒಂದೇ ಒಂದು ಕಾರ್ಡಿಗೆ ವಿದೇಶಿ ಬಳಕೆ ತೆರೆದು, ದಿನದ ಮಿತಿಯನ್ನು ಮೂವತ್ತು ಸಾವಿರ ರೂಪಾಯಿಗೆ ಇಳಿಸುತ್ತೇನೆ. ಉಳಿದ ಕಾರ್ಡುಗಳು ಮನೆಯಲ್ಲೇ. ಟ್ಯಾಕ್ಸಿ ಕರೆಸುವ ಆ್ಯಪ್‌ಗಳಾದ ಗ್ರ್ಯಾಬ್, ಬೋಲ್ಟ್ ಎರಡನ್ನೂ ಇಲ್ಲೇ ಫೋನಿಗೆ ಹಾಕಿ, ಇಲ್ಲೇ ಓಟಿಪಿ ಕೊಟ್ಟು ನೋಂದಾಯಿಸಬೇಕು. ಅಲ್ಲಿ ಇಳಿದು ಸ್ಥಳೀಯ ಸಿಮ್ ಹಾಕಿದ ಮೇಲೆ ನೆನಪಾದರೆ ಓಟಿಪಿ ಬರುವ ನಂಬರು ಜೇಬಿನ ಮೂಲೆಯಲ್ಲೆಲ್ಲೋ ಇರುತ್ತದೆ.

ಪ್ರಯಾಣ ವಿಮೆ ಮಾಡಿಸುವವರು ಒಂದು ಸಾಲು ಹುಡುಕಿ ಓದಿ. ಕುಡಿದಾಗ ಆದ ಪೆಟ್ಟಿಗೆ ಹಣ ಕೊಡುವುದಿಲ್ಲ ಎಂದು ಬಹುತೇಕ ಪಾಲಿಸಿಗಳು ಬರೆದಿರುತ್ತವೆ. ಹೀಗಾಗಿ ಸ್ಕೂಟರ್ ಬಾಡಿಗೆ ನನ್ನ ಪಟ್ಟಿಯಲ್ಲೇ ಇಲ್ಲ. ದ್ವಿಚಕ್ರಕ್ಕೆ ಅನ್ವಯಿಸುವ ಅಂತರರಾಷ್ಟ್ರೀಯ ಪರವಾನಗಿ ಇಲ್ಲದೆ ಓಡಿಸಿ ಬಿದ್ದರೆ, ಕುಡಿದಿರಲಿ ಬಿಡಲಿ, ಆಸ್ಪತ್ರೆ ಬಿಲ್ಲು ಕೈಯಿಂದಲೇ. ಬಾಡಿಗೆಯವರು ಪಾಸ್‌ಪೋರ್ಟ್ ಅಡ ಕೇಳುತ್ತಾರೆ, ಅದು ಬೇರೆ ತಲೆನೋವು. ಗೀರು ಬಿದ್ದಿದೆ ಎಂದು ಅವರು ಹೇಳಿದ ಮೊತ್ತ ಕೊಡದೆ ಅದು ವಾಪಸ್ ಬರುವುದಿಲ್ಲ. ಬೀಚಿನ ಜೆಟ್ ಸ್ಕೀಯಲ್ಲೂ ಇದೇ ಆಟ.

ದುಡ್ಡಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿನ ಎಟಿಎಂ ವಿದೇಶಿ ಕಾರ್ಡಿಗೆ ಪ್ರತಿ ಸಲ ಕನಿಷ್ಠ 220 ಬಾತ್ ಹಿಡಿಯುತ್ತದೆ, ತೆಗೆದದ್ದು ಎಷ್ಟೇ ಇರಲಿ. ಎರಡೆರಡು ಸಾವಿರದಂತೆ ಐದು ಸಲ ತೆಗೆದರೆ 1,100 ಬಾತ್ ಸುಮ್ಮನೆ ಹೋಯಿತು. ಹತ್ತು ಸಾವಿರ ಒಂದೇ ಸಲ ತೆಗೆದರೆ 220. ಕೊನೆಯಲ್ಲಿ ಪರದೆ ಇನ್ನೊಂದು ಪ್ರಶ್ನೆ ಕೇಳುತ್ತದೆ: ರೂಪಾಯಿಗೆ ಪರಿವರ್ತಿಸಿ ಕಡಿತ ಮಾಡಲೇ? ಪರಿವರ್ತನೆ ಬೇಡ ಎನ್ನುವ ಗುಂಡಿಯನ್ನೇ ಒತ್ತಿ. ಬೇಕು ಅಂದರೆ ಎಟಿಎಂನವರು ತಮಗೆ ತೋಚಿದ ದರ ಹಾಕುತ್ತಾರೆ. ಅಂಗಡಿಯ ಸ್ವೈಪ್ ಯಂತ್ರ ಕೇಳಿದರೂ ಉತ್ತರ ಅದೇ, ಬಾತ್‌ನಲ್ಲೇ ಕಡಿತ. ನಾನು ಮಡಿಕೆ ಕಲೆ ಇಲ್ಲದ ನೂರು ಡಾಲರ್ ನೋಟುಗಳನ್ನು ಒಯ್ಯುತ್ತೇನೆ. ರೂಪಾಯಿ ನೋಟಿಗೆ ಅಲ್ಲಿ ಸಿಗುವ ದರ ತೀರಾ ಕಡಿಮೆ. ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಲಗೇಜು ಬರುವಲ್ಲಿನ ಕೌಂಟರುಗಳನ್ನು ದಾಟಿ ನೆಲಮಾಳಿಗೆಗೆ, ರೈಲು ಹತ್ತುವ ಜಾಗಕ್ಕೆ ಇಳಿದರೆ ಅಲ್ಲಿನ ವಿನಿಮಯ ಕೌಂಟರುಗಳ ದರ ಕಣ್ಣಿಗೆ ಕಾಣುವಷ್ಟು ಮೇಲು. ಅಲ್ಲಿಂದಲೇ 45 ಬಾತ್‌ಗೆ ಬ್ಯಾಂಕಾಕ್ ನಗರದೊಳಗಿನ ಫಯಾ ಥಾಯ್ ನಿಲ್ದಾಣದವರೆಗೆ ರೈಲಿದೆ, ಅರ್ಧ ಗಂಟೆ ಸಾಕು.

ಬ್ಯಾಂಕಾಕ್‌ನಲ್ಲಿ ರೂಮು ಹಿಡಿಯುವಾಗ ಹೆಚ್ಚಿನವರು ಅಗ್ಗದ್ದು ಹುಡುಕಿ ಮೋಸ ಹೋಗುತ್ತಾರೆ. ಮೇಲ್ಸೇತುವೆಯ ರೈಲು ಸುಮಾರು ಹನ್ನೆರಡಕ್ಕೆ ನಿಲ್ಲುತ್ತದೆ. ಬಾರುಗಳು ಎರಡರವರೆಗೆ, 2023ರ ಡಿಸೆಂಬರಿನಿಂದ ಕೆಲವು ಕಡೆ ನಾಲ್ಕರವರೆಗೂ. ನಡುವಿನ ಆ ಹೊತ್ತಿನಲ್ಲೇ ಟ್ಯಾಕ್ಸಿಯವರು ಮೀಟರ್ ಹಾಕದೆ ಮುನ್ನೂರು ನಾನೂರು ಹೇಳುವುದು. ರಾತ್ರಿ ಕಳೆಯುವ ಜಾಗದಿಂದ ನಡೆದು ಹೋಗುವ ದೂರದಲ್ಲಿ ರೂಮಿದ್ದರೆ, ನೂರಿನ್ನೂರು ಬಾತ್ ಜಾಸ್ತಿ ಕೊಟ್ಟರೂ ಅಗ್ಗವೇ. ಸುಖುಮ್ವಿತ್ ಕಡೆ ಉಳಿದವರಿಗೆ ಒಂದು ತಮಾಷೆಯ ಅನುಕೂಲವಿದೆ: ಸೊಯ್ (ಅಡ್ಡರಸ್ತೆ) ಕೌಬಾಯ್ ಎಂಬ ಬಾರುಗಳ ಬೀದಿಯ ಒಂದು ತುದಿ ಸೊಯ್ 23ಕ್ಕೆ ತೆರೆಯುತ್ತದೆ, ಭಾರತದ ರಾಯಭಾರ ಕಚೇರಿ ಇರುವುದೂ ಅದೇ ಸೊಯ್ 23ರಲ್ಲಿ. ಪಾಸ್‌ಪೋರ್ಟ್ ಕಳೆದುಕೊಂಡವರು ದೂರ ಹೋಗಬೇಕಿಲ್ಲ.

ಪಟ್ಟಾಯದಲ್ಲಿ ಬೀಚ್ ರೋಡಿನಲ್ಲಿ ದಕ್ಷಿಣಕ್ಕೆ, ಸೆಕೆಂಡ್ ರೋಡಿನಲ್ಲಿ ಉತ್ತರಕ್ಕೆ ಸುತ್ತುತ್ತಲೇ ಇರುವ ಸೊಂಗ್‌ಥಿಯೋ ಇದೆ, ಹಿಂದೆ ಎರಡು ಬೆಂಚಿನ ಪಿಕಪ್ ಗಾಡಿ. ಹತ್ತುವಾಗ ಬಾಯಿ ಬಿಡಬೇಡಿ. "ಎಷ್ಟು?" ಎಂದು ಕೇಳಿದಿರೋ, ಅದು ನಿಮಗೊಬ್ಬರಿಗೇ ಬಾಡಿಗೆ ಗಾಡಿಯಾಗಿ ಇನ್ನೂರು ಬಾತ್ ಆಗುತ್ತದೆ. ಓಡುತ್ತಿರುವ ಗಾಡಿಗೆ ಕೈ ತೋರಿಸಿ, ಸುಮ್ಮನೆ ಕೂತು, ಇಳಿಯುವಲ್ಲಿ ಗಂಟೆ ಒತ್ತಿ, ಹತ್ತಿಪ್ಪತ್ತು ಬಾತ್ ಚಿಲ್ಲರೆ ಕೊಟ್ಟು ನಡೆಯಿರಿ. ಖಾಲಿ ನಿಂತ ಗಾಡಿ ಹತ್ತಬೇಡಿ.

ಇನ್ನು ಬಾರಿನ ಮೇಜು. ಕೂತ ಕೂಡಲೇ ಎದುರಿಗೆ ಒಂದು ಪುಟ್ಟ ಪ್ಲಾಸ್ಟಿಕ್ ಅಥವಾ ಬಿದಿರಿನ ಲೋಟ ಬರುತ್ತದೆ. ಪ್ರತಿ ಆರ್ಡರಿಗೂ ಒಂದು ಚೀಟಿ ಸುರುಳಿ ಸುತ್ತಿ ಅದರೊಳಗೆ ತುರುಕುತ್ತಾರೆ. ಕೊನೆಗೆ "ಚೆಕ್ ಬಿನ್" ಎಂದರೆ ಅವನ್ನು ಕೂಡಿಸಿ ಬಿಲ್ಲು. ನನ್ನ ಅಭ್ಯಾಸ: ಚೀಟಿ ಬಿದ್ದಾಗಲೆಲ್ಲ ತೆಗೆದು ನೋಡಿ, ಮಡಿಸಿ ವಾಪಸ್ ಇಡುವುದು. ನೀವು ನೋಡುತ್ತೀರಿ ಎಂದು ಗೊತ್ತಾದರೆ ಪಕ್ಕದ ಮೇಜಿನ ಚೀಟಿ ನಿಮ್ಮ ಲೋಟಕ್ಕೆ ದಾರಿ ತಪ್ಪಿ ಬರುವುದಿಲ್ಲ. ಜೊತೆಗೆ ಕೂತು ಮಾತಾಡುವ ಹುಡುಗಿಗೆ ಕೊಡಿಸುವುದು "ಲೇಡಿ ಡ್ರಿಂಕ್". ಅದು ನಿಮ್ಮ ಬಿಯರಿಗಿಂತ ದುಬಾರಿ, ಅದರಲ್ಲಿ ಪಾಲು ಅವಳ ಸಂಪಾದನೆ. ಕೊಡಿಸುವುದು ಬಿಡುವುದು ನಿಮ್ಮಿಷ್ಟ, ಬೆಲೆ ಮಾತ್ರ ಮೊದಲೇ ಕೇಳಿ. ಮೇಲೆ ನೇತು ಹಾಕಿದ ಗಂಟೆಯನ್ನು ಯಾರು ಹುರಿದುಂಬಿಸಿದರೂ ಬಾರಿಸಬೇಡಿ. ಬಾರಿಸಿದವನು ಬಾರಿನಲ್ಲಿರುವ ಎಲ್ಲರಿಗೂ ಒಂದೊಂದು ಸುತ್ತು ಕೊಡಿಸಬೇಕು, ಅದು ಅಲ್ಲಿನ ಕಟ್ಟಳೆ. ನಮ್ಮ ದೇವಸ್ಥಾನದ ಗಂಟೆಯ ಅಭ್ಯಾಸದವರು ಹುಷಾರು.

ದೊಡ್ಡ ಕ್ಲಬ್ಬು, ಮಾಳಿಗೆ ಬಾರುಗಳ ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಕೂಡು ಚಿಹ್ನೆ ಇರುತ್ತದೆ. ಶೇ. 10 ಸೇವಾ ಶುಲ್ಕ, ಅದರ ಮೇಲೆ ಶೇ. 7 ತೆರಿಗೆ. ಸಾವಿರ ಎಂದು ಬರೆದದ್ದು 1,177 ಆಗುತ್ತದೆ, ಟಿಪ್ಸ್ ಬೇರೆ ಕೊಡಬೇಕಿಲ್ಲ.

ನಿಜವಾಗಿ ಮೈಮೇಲೆ ಬರುವುದು ಮೆಟ್ಟಿಲು. ಬ್ಯಾಂಕಾಕ್‌ನ ಸಿಲೋಮ್ ರಸ್ತೆಯ ಪಕ್ಕದ ಪಟ್‌ಪಾಂಗ್‌ನಲ್ಲಿ ಪ್ಲಾಸ್ಟಿಕ್ ಹೊದಿಸಿದ ಪಟ್ಟಿ ಹಿಡಿದು "ಶೋ ಉಚಿತ, ಬಿಯರ್ ನೂರು ಬಾತ್" ಎನ್ನುತ್ತ ಮೇಲಿನ ಮಹಡಿಗೆ ಕರೆಯುತ್ತಾರೆ. ಇಳಿಯುವಾಗ ಬಿಲ್ಲು ಸಾವಿರಗಳಲ್ಲಿ, ಬಾಗಿಲಲ್ಲಿ ಇಬ್ಬರು ಗಟ್ಟಿಗರು. ಕರೆದವನು ಅಷ್ಟೊತ್ತಿಗೆ ನಾಪತ್ತೆ. ಬೀದಿಯಿಂದ ಒಳಗಿನದು ಕಾಣುವ ನೆಲಮಹಡಿಯ ಬಾರಷ್ಟೇ ಸಾಕು. ಸಿಕ್ಕಿಬಿದ್ದರೆ ಕೂಗಾಡದೆ ಅವರೆದುರೇ ಫೋನಿನಲ್ಲಿ 1155 ಒತ್ತಿ, ಅದು ಪ್ರವಾಸಿ ಪೊಲೀಸರ ನಂಬರು. ಅಷ್ಟಕ್ಕೇ ಎಷ್ಟೋ ಸಲ ಬಿಲ್ಲು ಇಳಿಯುತ್ತದೆ. ಮೈಮೇಲೆ ಬಂದರೆ ಮಾತ್ರ ಕೊಟ್ಟು ಹೊರಬಂದು ದೂರು ಕೊಡುವುದೇ ಸರಿ. ಹಲ್ಲಿಗಿಂತ ಬಾತ್ ಅಗ್ಗ. ಜೇಬಿನಲ್ಲಿ ಅಂದಿನ ದುಡ್ಡಷ್ಟೇ ಇರಬೇಕು ಎನ್ನುವುದು ಇದಕ್ಕೇ. ನಾನು ಎಡಜೇಬಿನಲ್ಲಿ ಎರಡು ಸಾವಿರ, ಫೋನಿನ ಕವಚದೊಳಗೆ ರೂಮಿಗೆ ವಾಪಸಾಗಲು ಐನೂರು ಇಟ್ಟು, ಕಾರ್ಡನ್ನು ರೂಮಿನ ತಿಜೋರಿಯಲ್ಲಿ ಬಿಡುತ್ತೇನೆ. ಎಡಜೇಬು ಖಾಲಿಯಾದರೆ ರಾತ್ರಿ ಮುಗಿಯಿತು.

ಕತ್ತಿನ ಸರ ಊರಲ್ಲೇ ಬಿಟ್ಟು ಹೋಗಿ. ಪಟ್ಟಾಯದ ಬೀಚ್ ರೋಡಿನಲ್ಲಿ ನಸುಕಿಗೆ ಅಪ್ಪಿಕೊಂಡಂತೆ ಮಾಡಿ ಚಿನ್ನದ ಸರ ಎಗರಿಸುವುದು ಹಳೆಯ ಕಸುಬು, ಅದರಲ್ಲೂ ಭಾರತೀಯರ ಕತ್ತನ್ನೇ ನೋಡುತ್ತಾರೆ.

ಕುಡಿಯುವುದರಲ್ಲಿ ಹುಷಾರಾಗಬೇಕಾದದ್ದು ಬಕೆಟ್. ಮಕ್ಕಳ ಮರಳಾಟದ ಬಕೆಟಿನಷ್ಟು ಡಬ್ಬಕ್ಕೆ ಶೇ. 40ರ ರಮ್ಮು, ಎನರ್ಜಿ ಡ್ರಿಂಕು, ಕೋಲಾ, ಮಂಜುಗಡ್ಡೆ. ಸಿಹಿ ಮತ್ತು ಕೆಫೀನ್ ಸೇರಿ ಅಮಲು ಏರಿದ್ದೇ ತಿಳಿಯುವುದಿಲ್ಲ. ಬಾಟಲಿಯ ಮುಚ್ಚಳ ಕಣ್ಣೆದುರು ತೆಗೆಯದಿದ್ದರೆ ಅದರಲ್ಲಿ ಏನಿದೆ ಎನ್ನುವ ಖಾತ್ರಿಯೂ ಇಲ್ಲ. ಪಕ್ಕದ ಲಾವೋಸಿನ ವಾಂಗ್ ವಿಯೆಂಗ್‌ನಲ್ಲಿ 2024ರ ನವೆಂಬರಿನಲ್ಲಿ ಮೆಥನಾಲ್ ಬೆರೆತ ಮದ್ಯದಿಂದ ಆರು ವಿದೇಶಿ ಪ್ರವಾಸಿಗರು ಸತ್ತರು. ಮೆಥನಾಲ್‌ನ ಮೋಸ ಏನೆಂದರೆ, ಮೊದಲಿಗೆ ಮಾಮೂಲಿ ಅಮಲಿನಂತೆಯೇ ಇರುತ್ತದೆ. ದೇಹ ಅದನ್ನು ಒಡೆದು ಫಾರ್ಮಿಕ್ ಆಮ್ಲ ಮಾಡಿದ ಮೇಲೆ, ಸುಮಾರು 12ರಿಂದ 24 ಗಂಟೆ ಬಿಟ್ಟು, ವಾಂತಿ, ಏದುಸಿರು, ಕಣ್ಣು ಮಂಜು. ಹ್ಯಾಂಗೋವರಿನಲ್ಲಿ ತಲೆ ನೋಯುತ್ತದೆ, ಕಣ್ಣು ಮಂಜಾಗುವುದಿಲ್ಲ. ಮಂಜಾಯಿತೋ, ಮಲಗಬೇಡಿ, ಆಂಬುಲೆನ್ಸಿಗೆ 1669. ನಾನು ಮುಚ್ಚಳ ಎದುರಿಗೇ ತೆಗೆದ ಬಿಯರ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ಶೌಚಾಲಯಕ್ಕೆ ಹೋಗುವಾಗ ಅರ್ಧ ಬಾಟಲಿ ಉಳಿದಿದ್ದರೆ ಅದಕ್ಕೆ ಅಲ್ಲೇ ವಿದಾಯ.

ಸಸ್ಯಾಹಾರಿಗಳು ಕುಡಿಯುವ ಮುಂಚೆಯೇ ಊಟ ಮುಗಿಸಿ. ರಾತ್ರಿ ಎರಡಕ್ಕೆ ಸೆವೆನ್ ಇಲೆವೆನ್‌ನಲ್ಲಿ ಸಿಗುವ ಬಿಸಿ ಟೋಸ್ಟಿನಲ್ಲಿ ಹೆಚ್ಚಿನವು ಹ್ಯಾಮ್, ಅಂದರೆ ಹಂದಿ. ಕೆಂಪು ಹಳದಿ ಬಾವುಟದ "ಜೇ" ಅಂಗಡಿ ಶುದ್ಧ ಸಸ್ಯಾಹಾರದ್ದು, ಆದರೆ ಅವು ಸಂಜೆಗೇ ಮುಚ್ಚುವುದು ಜಾಸ್ತಿ. ಅಂಗಡಿಗಳಲ್ಲಿ ಹನ್ನೆರಡರ ಮೇಲೆ ಬಿಯರ್ ಮಾರುವುದಿಲ್ಲ. ನಮ್ಮ ಬುದ್ಧ ಪೂರ್ಣಿಮೆಗೆ ಸಮನಾದ ವಿಶಾಖ ಬೂಚಾದಂಥ ಬೌದ್ಧ ಹಬ್ಬಗಳಲ್ಲಿ ದಿನವಿಡೀ ಇಲ್ಲ. ಟಿಕೆಟ್ ಮಾಡುವಾಗಲೇ ಆ ತಾರೀಕು ನೋಡಿಕೊಳ್ಳಿ.

ಫುಟ್‌ಪಾತಿನಲ್ಲಿ ರಾಶಿ ಹಾಕಿ ಮಾರುವ ವೇಪ್, ಅಂದರೆ ಇ-ಸಿಗರೇಟು, ಥಾಯ್ಲೆಂಡಿನಲ್ಲಿ ನಿಷಿದ್ಧ. ಮಾರುವವನನ್ನಷ್ಟೇ ಅಲ್ಲ, ಸೇದುವ ಪ್ರವಾಸಿಯನ್ನೂ ಪೊಲೀಸರು ಹಿಡಿಯುತ್ತಾರೆ. ಗಾಂಜಾ 2022ರಲ್ಲಿ ಸಡಿಲವಾಗಿದ್ದು ನಿಜ, 2025ರ ಜೂನ್‌ನಿಂದ ವೈದ್ಯರ ಚೀಟಿ ಬೇಕು. ಅಲ್ಲಿ ಏನೇ ಇರಲಿ, ಬ್ಯಾಂಕಾಕ್‌ನಿಂದ ಬರುವ ಹೈಡ್ರೋಪೋನಿಕ್ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆದ) ಗಾಂಜಾ ಹಿಡಿಯುವುದು ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್‌ಗೆ ಈಗ ಮಾಮೂಲು ಕೆಲಸ. "ಬೆಂಗಳೂರಿನಲ್ಲಿ ನಮ್ಮ ಹುಡುಗ ಬಂದು ಇಸ್ಕೋತಾನೆ, ಬರೀ ಚಾಕೊಲೇಟು ಗುರು, ಟಿಕೆಟ್ ದುಡ್ಡು ನಾವೇ ಕೊಡ್ತೀವಿ" ಎಂದು ಪ್ಯಾಕೆಟ್ ಕೊಡುವವರು ಪಟ್ಟಾಯದಲ್ಲಿ ಕನ್ನಡದಲ್ಲೇ ಸಿಗಬಹುದು. ವಾಪಸ್ ಹೊರಡುವ ದಿನ ನಾನು ಬ್ಯಾಗನ್ನು ಪೂರ್ತಿ ಮಂಚದ ಮೇಲೆ ಸುರಿದು, ಹೊರಗಿನ ಜೇಬುಗಳನ್ನೂ ತಡಕಿ, ಮತ್ತೆ ತುಂಬಿ ಬೀಗ ಹಾಕುತ್ತೇನೆ. ಹತ್ತು ನಿಮಿಷದ ಕೆಲಸ, ರೂಮು ಬಿಡುವ ಮುಂಚೆಯೇ ಮುಗಿಯಬೇಕು.