ಹಳೇ ಕೆಟಲ್, ಹೊಸ ಕೆಟಲ್: ಒಂದೇ ಇದ್ದಿಲಿನಲ್ಲಿ ಸುಟ್ಟು ನೋಡಿದೆ

ನಮ್ಮ ಹಿತ್ತಲಲ್ಲಿ ಈಗ ಎರಡು ಕೆಟಲ್ ಗ್ರಿಲ್ ಇವೆ, ಅಂದರೆ ಮುಚ್ಚಳವಿರುವ, ಇದ್ದಿಲು ಹಾಕಿ ಮಾಂಸ ಸುಡುವ ದುಂಡನೆ ಒಲೆ. ನಾವಿರುವುದು ಶಿಕಾಗೋ ಪಕ್ಕದ ಒಂದು ಊರಲ್ಲಿ. ಹೊಸದನ್ನು 2019ರಲ್ಲಿ ಅಂಗಡಿಯಿಂದ ತಂದೆವು. ಹಳೆಯದು 1980ರ ದಶಕದ್ದು. ಮನೆ ಖಾಲಿ ಮಾಡುತ್ತಿದ್ದ ಅಜ್ಜಿಯೊಬ್ಬರು 20 ಡಾಲರಿಗೆ ಕೊಟ್ಟರು. ಎರಡೂ ಸುಮಾರು 22 ಇಂಚು ಅಗಲ.

ಈ ದುಂಡನೆಯ ಗ್ರಿಲ್ ಹುಟ್ಟಿದ್ದೂ ಶಿಕಾಗೋದಲ್ಲೇ. 1952ರಲ್ಲಿ ವೆಬರ್ ಬ್ರದರ್ಸ್ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್ ನೀರಲ್ಲಿ ತೇಲಿಬಿಡುವ ದುಂಡನೆ ಬೋಯನ್ನು ಅಡ್ಡಕ್ಕೆ ಕತ್ತರಿಸಿದರು. ಕೆಳಗಿನರ್ಧ ಬಟ್ಟಲಾಯಿತು, ಮೇಲಿನರ್ಧ ಮುಚ್ಚಳ. ಆಕಾರ ಇವತ್ತಿಗೂ ಅದೇ. ಬದಲಾಗಿದ್ದು ಗಾಳಿ ಬಿಡುವ, ಬೂದಿ ತೆಗೆಯುವ ಬಗೆ.

ಹಳೆಯದರ ತಳದಲ್ಲಿ ಮೂರು ಗಾಳಿಕಿಂಡಿ ಇವೆ. ಪ್ರತಿಯೊಂದನ್ನೂ ಕೈಯಿಂದ ತಿರುಗಿಸಬೇಕು. ಹೊಸದರಲ್ಲಿ ಒಂದೇ ಹಿಡಿ. ಅದನ್ನು ಆಡಿಸಿದರೆ ಒಳಗಿನ ಮೂರು ಅಲಗು ಒಟ್ಟಿಗೆ ತಿರುಗುತ್ತವೆ, ಬೂದಿಯನ್ನು ಕೆಳಗಿನ ಡಬ್ಬಕ್ಕೆ ಗುಡಿಸುತ್ತವೆ.

ಹಳೆಯದೇ ಚೆನ್ನ ಅಂತ ಬಹಳ ಜನ ಹೇಳುತ್ತಾರೆ. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ನನ್ನ ಮೊದಲ ಹೋಲಿಕೆಯೇ ಸರಿಯಿರಲಿಲ್ಲ. ಒಂದನ್ನು ಗಾಳಿ ಬೀಸುವ ದಿನ ಹಚ್ಚಿದ್ದೆ, ಇನ್ನೊಂದನ್ನು ಬಿಸಿಲಿನ ದಿನ. ಹೊಸದರ ಕಾವನ್ನು ಮುಚ್ಚಳದ ಥರ್ಮಾಮೀಟರ್‌ನಲ್ಲಿ ನೋಡಿದ್ದೆ, ಹಳೆಯದರದ್ದನ್ನು ಬರೀ ಅಂದಾಜಿನಲ್ಲಿ.

ಎರಡನೇ ಸಲ ಎರಡನ್ನೂ ಅಕ್ಕಪಕ್ಕ ಇಟ್ಟೆ. ಒಂದೇ ಚೀಲದ ಬ್ರಿಕೆಟ್ (ಒತ್ತಿ ಮಾಡಿದ ಇದ್ದಿಲಿನ ಬಿಲ್ಲೆ), ಎರಡಕ್ಕೂ ಎಣಿಸಿ 60. ಇದ್ದಿಲು ಹೊತ್ತಿಸುವ ಕೊಳವೆಯಂಥ ಡಬ್ಬ, ಚಿಮ್ನಿಯಲ್ಲಿ ಕೆಂಡ ಮಾಡಿ ಒಂದೇ ಬದಿಗೆ ಸುರಿದೆ. ಇನ್ನೊಂದು ಬದಿಗೆ ಕೋಳಿ ತೊಡೆ. ಮುಚ್ಚಳದ ಕಿಂಡಿ ಮಾಂಸದ ಮೇಲೆ ಬರುವಂತೆ ತಿರುಗಿಸಿದೆ, ಆಗ ಹೊಗೆ ಮಾಂಸವನ್ನು ಸವರಿಕೊಂಡೇ ಹೊರಗೆ ಹೋಗುತ್ತದೆ. ಎರಡರಲ್ಲೂ ಜಾಲರಿಯ ಮೇಲೆ, ಮಾಂಸದ ಪಕ್ಕದಲ್ಲೇ ಕಾವು ಅಳೆಯುವ ಪ್ರೋಬ್ ಇಟ್ಟೆ.

ಎರಡೂ 350 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಲ್ಲೇ ನಿಂತವು. ಹತ್ತು ಹದಿನೈದು ಡಿಗ್ರಿ ಅತ್ತಿತ್ತ, ಅಷ್ಟೇ. ಅದೇ ಹೊತ್ತಿಗೆ ಹೊಸದರ ಮುಚ್ಚಳದ ಮುಳ್ಳು 400 ತೋರಿಸುತ್ತಿತ್ತು. ಅದು ತಪ್ಪು ಲೆಕ್ಕವಲ್ಲ. ಬಿಸಿಗಾಳಿ ಮೇಲೇರುತ್ತದೆ, ಮುಳ್ಳು ಇರುವುದೂ ಮೇಲೇ. ಮಾಂಸಕ್ಕೆ ತಾಗುವ ಕಾವು ಬೇರೆ. ಮಾಂಸದ ಒಳಗಿನ ಕಾವು 165 ಡಿಗ್ರಿಯಾದರೆ ಕೋಳಿ ಬೆಂದಿರುತ್ತದೆ, ಆದರೆ ತೊಡೆಯನ್ನು ನಾನು 180ಕ್ಕೆ ಇಳಿಸುತ್ತೇನೆ. ಆಗಲೇ ಮೂಳೆಯಿಂದ ಬಿಡುತ್ತದೆ. ತಟ್ಟೆಗೆ ಹಾಕಿ ಕೊಟ್ಟಾಗ ಯಾವುದು ಯಾವುದರದ್ದು ಅಂತ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ವ್ಯತ್ಯಾಸ ಕಂಡದ್ದು ಕುರಿಯ ಭುಜ ಬೇಯಿಸಿದ ದಿನ. ಬ್ರಿಕೆಟ್‌ಗಳನ್ನು ಬಟ್ಟಲಿನ ಅಂಚಿಗೆ ಹಾವಿನ ಹಾಗೆ ಸಾಲಾಗಿ ಜೋಡಿಸಿ, ಒಂದು ತುದಿಗೆ ಮಾತ್ರ ಕೆಂಡ ಇಟ್ಟೆ. ಬೆಂಕಿ ನಿಧಾನಕ್ಕೆ ತೆವಳಿಕೊಂಡು ಹೋಗುತ್ತದೆ. ಹಳೆಯದು ಮೊದಲ ಮೂರು ಗಂಟೆ 250ರಲ್ಲಿ ಕದಲದೆ ನಿಂತಿತು. ಒಂದು ಕಿಂಡಿ ಪೂರ್ತಿ ಮುಚ್ಚಿ, ಇನ್ನೊಂದನ್ನು ಕಾಲು ಭಾಗ ತೆರೆದು, ಗಾಳಿಯನ್ನು ಬೇಕಾದ ಕಡೆಯಿಂದಲೇ ಬಿಡಬಹುದಲ್ವಾ, ಅದು ನನಗೆ ತುಂಬಾ ಇಷ್ಟವಾಯಿತು. ಹೊಸದರಲ್ಲಿ ಹಿಡಿಯನ್ನು ಕೂದಲೆಳೆಯಷ್ಟು ಸರಿಸಿದರೂ ಮೂರೂ ಕಿಂಡಿ ತೆರೆದುಕೊಳ್ಳುತ್ತವೆ. ಕಾವು ಜಾಸ್ತಿಯಾಗಿ, ಆಮೇಲೆ ಇಳಿಸಲು ಅರ್ಧ ಗಂಟೆ ಬೇಕಾಯಿತು. ಈಗ ಹಿಡಿಯ ಪಕ್ಕ ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಂಡಿದ್ದೇನೆ.

ನಾಲ್ಕನೇ ಗಂಟೆಗೆ ಹಳೆಯದು 210ಕ್ಕೆ ಇಳಿಯಿತು. ಇದ್ದಿಲು ಇನ್ನೂ ಬೇಕಾದಷ್ಟಿತ್ತು. ಬಗ್ಗಿ ನೋಡಿದರೆ ಬೂದಿ ಬಿದ್ದು ಕಿಂಡಿ ಮುಚ್ಚಿತ್ತು. ಮೊದಲೇ ಕೆದಕಬೇಕಿತ್ತು, ನಾನು ಮರೆತಿದ್ದೆ. ಕೆಳಗಿನಿಂದ ತಂತಿಯಲ್ಲಿ ಚುಚ್ಚಿ ಬೂದಿ ಬೀಳಿಸಿದೆ. ಇಪ್ಪತ್ತು ನಿಮಿಷದಲ್ಲಿ ಕಾವು ಮೇಲೆ ಬಂತು. ಹೊಸದರಲ್ಲಿ ಹಿಡಿಯನ್ನು ಎರಡು ಸಲ ಮೆಲ್ಲಗೆ ಆಡಿಸಿದ್ದಷ್ಟೇ. ಜೋರಾಗಿ ಆಡಿಸಬಾರದು, ಬೂದಿ ಎದ್ದು ಮಾಂಸಕ್ಕೆ ಕೂರುತ್ತದೆ.

ಇನ್ನೊಂದು ವಿಷಯ ಜಾಲರಿ. ಹೊಸದರ ಜಾಲರಿಯ ಅಂಚು ಮಡಚುತ್ತದೆ, ಸಂದಿಯಿಂದ ಇದ್ದಿಲು ಹಾಕಬಹುದು. ಹಳೆಯದರಲ್ಲಿ ಮಾಂಸದ ಸಮೇತ ಜಾಲರಿ ಎತ್ತಬೇಕು, ಅಷ್ಟರಲ್ಲಿ ಕಾವೆಲ್ಲ ಹೋಗಿರುತ್ತದೆ. ಮಡಚುವ ಜಾಲರಿಯನ್ನು ಹಳೆಯದಕ್ಕೆ ಇಟ್ಟು ನೋಡಿದೆ, ಸರಿಯಾಗಿ ಕೂತಿತು. ಅಂಥದ್ದೇ ಇನ್ನೊಂದು ಕೊಂಡೆ.

ಹಳೇ ಕೆಟಲ್ ಕೊಳ್ಳುವವರು ಮುಚ್ಚಳದ ಒಳಗೆ ಕಪ್ಪು ಸಿಪ್ಪೆ ಏಳುತ್ತಿದ್ದರೆ ಬಣ್ಣ ಹೋಗಿದೆ ಅಂತ ಬಿಟ್ಟುಬಿಡಬೇಡಿ. ಅದು ಬಣ್ಣವಲ್ಲ, ಜಿಡ್ಡು ಮತ್ತು ಮಸಿ. ಉಜ್ಜಿದರೆ ಬರುತ್ತದೆ. ನೋಡಬೇಕಾದದ್ದು ತಳದ ಕಿಂಡಿಗಳನ್ನು, ಕಾಲು ಕೂರುವ ಜಾಗವನ್ನು. ತುಕ್ಕು ತಿಂದು ತೂತಾಗಿದ್ದರೆ ಗಾಳಿ ನಿಮ್ಮ ಹಿಡಿತದಲ್ಲಿ ಇರುವುದಿಲ್ಲ. ಕತ್ತಲಲ್ಲಿ ಒಳಗೆ ಟಾರ್ಚ್ ಇಟ್ಟು, ಕಿಂಡಿಗಳನ್ನೆಲ್ಲ ಮುಚ್ಚಿ, ಮುಚ್ಚಳ ಹಾಕಿ ಸುತ್ತ ಒಂದು ಸಲ ನೋಡಿ. ಬೆಳಕು ಬಂದ ಕಡೆಯೆಲ್ಲ ಗಾಳಿಯೂ ಬರುತ್ತದೆ.