ಬಿಟ್‌ಲಾಕರ್ 48 ಅಂಕಿಗಳ ರಿಕವರಿ ಕೀ ಕೇಳಿದಾಗ

ವಿಂಡೋಸ್ ಲ್ಯಾಪ್‌ಟಾಪ್ ಆನ್ ಮಾಡಿದೊಡನೆ ಎಂದಿನ ಪರದೆಯ ಬದಲು 48 ಅಂಕಿಗಳ ರಿಕವರಿ ಕೀ ಕೇಳುವ ಬಿಟ್‌ಲಾಕರ್ (ಕೀಲಿಯಿಲ್ಲದೆ ಓದಲಾಗದಂತೆ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್ ಸೌಲಭ್ಯ) ಪರದೆ ಬಂದು ನಿಂತರೆ, ಡಿಸ್ಕಿನಲ್ಲಿದ್ದುದೆಲ್ಲ ಹೋಯಿತೆಂದು ಭಾವಿಸಬೇಕಾಗಿಲ್ಲ. ಕಡತಗಳು ಸಾಮಾನ್ಯವಾಗಿ ಇದ್ದಂತೆಯೇ ಇರುತ್ತವೆ, ಕೀ ಕೂಡ ಅನೇಕ ಸಲ ಎಲ್ಲೋ ಒಂದು ಕಡೆ ದಾಖಲಾಗಿರುತ್ತದೆ. ಗಾಬರಿಯಲ್ಲಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸಿ ವಿಂಡೋಸನ್ನು ಹೊಸದಾಗಿ ಹಾಕಿಸಿದಾಗಲೇ ಅವು ನಿಜವಾಗಿ ನಾಶವಾಗುವುದು. ಆದ್ದರಿಂದ ಕೀ ಹುಡುಕಿ ಮುಗಿಯುವವರೆಗೆ, ಅಂಗಡಿಯವರು ಎಷ್ಟೇ ಒತ್ತಾಯಿಸಿದರೂ, ಫಾರ್ಮ್ಯಾಟಿಗೆ ಒಪ್ಪಬೇಡಿ.

ಡಿಸ್ಕ್ ತೆರೆಯುವ ಕೀಲಿಯನ್ನು ಮದರ್‌ಬೋರ್ಡಿನಲ್ಲಿ ಅಥವಾ ಪ್ರೊಸೆಸರಿನೊಳಗೆ ಇರುವ ಟಿಪಿಎಂ ಎಂಬ ಭದ್ರತಾ ಚಿಪ್ ಕಾಯುತ್ತದೆ. ಕಂಪ್ಯೂಟರ್ ಆರಂಭವಾಗುವ ಬಗೆ ಹಿಂದಿನಂತೆಯೇ ಇದ್ದರೆ ಮಾತ್ರ ಅದು ಕೀಲಿಯನ್ನು ಬಿಟ್ಟುಕೊಡುತ್ತದೆ. ಬಯೋಸ್ (ಕಂಪ್ಯೂಟರನ್ನು ಆರಂಭಿಸುವ ಮೂಲ ತಂತ್ರಾಂಶ) ಅಪ್‌ಡೇಟ್ ಆದಾಗ, ನಂಬಲರ್ಹ ತಂತ್ರಾಂಶದಿಂದ ಮಾತ್ರ ಕಂಪ್ಯೂಟರ್ ಆರಂಭವಾಗಲು ಬಿಡುವ ಸೆಕ್ಯೂರ್ ಬೂಟ್ ಆಫ್ ಆದಾಗ ಅಥವಾ ಮದರ್‌ಬೋರ್ಡ್ ಬದಲಾದಾಗ ಟಿಪಿಎಂಗೆ ಅನುಮಾನ ಬರುತ್ತದೆ. ಬಳಕೆದಾರರ ತಪ್ಪೇನೂ ಇಲ್ಲದೆಯೂ ಹೀಗಾಗಬಹುದು: 2024ರ ಜುಲೈ ತಿಂಗಳ ವಿಂಡೋಸ್ ಭದ್ರತಾ ಅಪ್‌ಡೇಟ್ ಹಾಕಿಕೊಂಡ ಕೆಲವು ಕಂಪ್ಯೂಟರುಗಳು ಕೀ ಕೇಳತೊಡಗಿದ್ದವು, ಮೈಕ್ರೋಸಾಫ್ಟ್ ಅದನ್ನು ಆಗಸ್ಟ್ ತಿಂಗಳ ಅಪ್‌ಡೇಟಿನಲ್ಲಿ ಸರಿಪಡಿಸಿತು.

ಹೀಗಾಗಿ ಇತ್ತೀಚೆಗೆ ಏನು ಬದಲಾಯಿತೆಂದು ಮೊದಲು ನೆನಪು ಮಾಡಿಕೊಳ್ಳಿ. ಬಯೋಸಿನಲ್ಲಿ ಸೆಕ್ಯೂರ್ ಬೂಟನ್ನು ಆಫ್ ಮಾಡಿದ್ದರೆ ಅಥವಾ ಬೂಟ್ ಕ್ರಮ ಬದಲಿಸಿದ್ದರೆ ಅದನ್ನು ಮೊದಲಿನಂತೆ ಮಾಡಿ, ಚುಚ್ಚಿರುವ ಪೆನ್‌ಡ್ರೈವ್, ಡಾಕ್ ಮುಂತಾದವನ್ನು ತೆಗೆದು ಮತ್ತೆ ಆನ್ ಮಾಡಿದರೆ, ಕೀ ಇಲ್ಲದೆಯೇ ವಿಂಡೋಸ್ ತೆರೆದುಕೊಳ್ಳುವುದುಂಟು. ಆದರೆ ಬಯೋಸಿನಲ್ಲಿ ಕಾಣುವ 'ಕ್ಲಿಯರ್ ಟಿಪಿಎಂ' ಆಯ್ಕೆಯನ್ನು ಯಾವ ಕಾರಣಕ್ಕೂ ಒತ್ತಬೇಡಿ. ಎಎಂಡಿ ಪ್ರೊಸೆಸರ್ ಬದಲಿಸಿದ ಮೇಲೆ ಎಫ್‌ಟಿಪಿಎಂ (ಪ್ರೊಸೆಸರಿನೊಳಗಿನ ಟಿಪಿಎಂ) ರೀಸೆಟ್ ಮಾಡಲೇ ಎಂಬ ಪ್ರಶ್ನೆ ಬಂದಾಗ, ರಿಕವರಿ ಕೀ ಕೈಯಲ್ಲಿಲ್ಲದಿದ್ದರೆ, ಬೇಡವೆಂದೇ ಉತ್ತರಿಸಿ. ಚಿಪ್‌ನಲ್ಲಿದ್ದುದು ಅಳಿಸಿಹೋದರೆ ಆ 48 ಅಂಕಿಗಳ ಹೊರತು ಬೇರೆ ದಾರಿ ಉಳಿಯುವುದಿಲ್ಲ.

ಇದರಿಂದ ಫಲ ಸಿಗದಿದ್ದರೆ ಕೀ ಹುಡುಕಬೇಕು. ಪರದೆಯ ಮೇಲಿರುವ ರಿಕವರಿ ಕೀ ಐಡಿಯ ಮೊದಲ 8 ಅಕ್ಷರಗಳನ್ನು ಬರೆದುಕೊಳ್ಳಿ ಅಥವಾ ಪರದೆಯ ಫೋಟೊ ತೆಗೆದುಕೊಳ್ಳಿ. ಬಳಿಕ ಮೊಬೈಲಿನಲ್ಲಿ, ಅದೇ ಪರದೆಯಲ್ಲಿ ಕೊಟ್ಟಿರುವ ಮೈಕ್ರೋಸಾಫ್ಟ್ ವಿಳಾಸಕ್ಕೆ ಹೋಗಿ, ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆದರೆ, ಆ ಖಾತೆಯಲ್ಲಿ ಉಳಿಸಿರುವ ಕೀಗಳ ಪಟ್ಟಿ ಕಾಣುತ್ತದೆ. ಅದರಲ್ಲಿ ಐಡಿ ಹೊಂದುವ ಕೀಯೇ ನಿಮಗೆ ಬೇಕಾದದ್ದು, ಹಳೆಯ ಲ್ಯಾಪ್‌ಟಾಪಿನ ಕೀ ಇಲ್ಲಿ ಕೆಲಸ ಮಾಡುವುದಿಲ್ಲ.

ಪಟ್ಟಿ ಖಾಲಿ ಇದ್ದಾಗ ಅನೇಕರು ಇಲ್ಲಿಗೇ ಕೈಚೆಲ್ಲುತ್ತಾರೆ, ಆದರೆ ನನ್ನ ಅಭಿಪ್ರಾಯದಲ್ಲಿ ಹುಡುಕಾಟದ ಮುಖ್ಯ ಭಾಗ ಶುರುವಾಗುವುದೇ ಇಲ್ಲಿಂದ. ಎನ್‌ಕ್ರಿಪ್ಷನ್ ತಾನಾಗಿ ಆರಂಭವಾದಾಗ ಕೀ ಹೋಗಿ ಸೇರುವುದು ಲ್ಯಾಪ್‌ಟಾಪ್ ಮೊದಲು ಸೆಟಪ್ ಮಾಡುವಾಗ ಬಳಸಿದ ಖಾತೆಗೆ. ಅದು ಮಗಳದ್ದಾಗಿರಬಹುದು, ತಮ್ಮನದ್ದಾಗಿರಬಹುದು, ಮಾರಿದ ಅಂಗಡಿಯವರು ಆ ಕ್ಷಣಕ್ಕೆಂದು ತೆರೆದ ಖಾತೆಯಾಗಿರಬಹುದು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೊಸದಾಗಿ ಹಾಕಿದರೆ, ಹೋಮ್ ಆವೃತ್ತಿಯಲ್ಲೂ ಎನ್‌ಕ್ರಿಪ್ಷನ್ ಬಹುತೇಕ ತಾನಾಗಿಯೇ ಆನ್ ಆಗುವುದರಿಂದ, ತಾವೆಂದೂ ಬಿಟ್‌ಲಾಕರ್ ಬಳಸಿಲ್ಲ ಎನ್ನುವವರೂ ಇವರೆಲ್ಲರನ್ನೂ ವಿಚಾರಿಸಬೇಕು. ಲ್ಯಾಪ್‌ಟಾಪ್ ಕಚೇರಿ ಅಥವಾ ಕಾಲೇಜಿನ ಖಾತೆಗೆ ಸೇರಿದ್ದರೆ ಅಲ್ಲಿನ ಐಟಿ ವಿಭಾಗಕ್ಕೆ ಕೀ ಐಡಿಯನ್ನು ತಿಳಿಸಿ. ಹಳೆಯ ಪೆನ್‌ಡ್ರೈವ್, ಪ್ರಿಂಟ್ ತೆಗೆದ ಹಾಳೆ, ಇ-ಮೇಲಿಗೆ ಕಳಿಸಿಕೊಂಡ ಟೆಕ್ಸ್ಟ್ ಫೈಲ್ ಇವುಗಳನ್ನೂ ನೋಡಿ.

ಕೀ ಸಿಕ್ಕಿತೆನ್ನಿ. ಅದು ಆರಾರು ಅಂಕಿಗಳ 8 ಗುಂಪುಗಳಾಗಿ ಇರುತ್ತದೆ, ಪ್ರತಿ ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಕೈಬರಹದಲ್ಲಿ 1 ಮತ್ತು 7 ಗೊಂದಲ ಹುಟ್ಟಿಸಿದಾಗ ಈ ಗುಣ ಬಹಳ ಉಪಯುಕ್ತ. ಉದಾಹರಣೆಗೆ 419650 ಎಂಬ ಗುಂಪಿನಲ್ಲಿ 1, 3, 5ನೆಯ ಸ್ಥಾನಗಳ ಮೊತ್ತ 18, ಉಳಿದವುಗಳ ಮೊತ್ತ 7. ವ್ಯತ್ಯಾಸ 11 ಆದ್ದರಿಂದ ಗುಂಪು ಸರಿಯಾಗಿದೆ. ವ್ಯತ್ಯಾಸ 0, 11 ಅಥವಾ 22 ಆಗದಿದ್ದರೆ ಆ ಗುಂಪಿನಲ್ಲಿ ಓದಿದ ಯಾವುದೋ ಅಂಕಿ ತಪ್ಪಾಗಿದೆ. ಒಂದೇ ಒಂದು ಅಂಕಿ ತಪ್ಪಿದ್ದರೂ, ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗಿದ್ದರೂ ಈ ಲೆಕ್ಕ ಹಿಡಿದುಕೊಡುತ್ತದೆ. ಕೀಬೋರ್ಡಿನ ಅಂಕಿಗಳು ಕೆಟ್ಟಿದ್ದರೆ ಎಫ್1ರಿಂದ ಎಫ್9ರವರೆಗಿನ ಕೀಗಳನ್ನು 1ರಿಂದ 9ಕ್ಕೂ, ಎಫ್10 ಅನ್ನು ಸೊನ್ನೆಗೂ ಬಳಸಬಹುದು. ಲ್ಯಾಪ್‌ಟಾಪೇ ಕೆಟ್ಟಿದ್ದರೆ ಡಿಸ್ಕನ್ನು ಬಿಚ್ಚಿ ಇನ್ನೊಂದು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿ, ಅಲ್ಲಿ ಇದೇ ಕೀ ಕೊಟ್ಟು ಕಡತಗಳನ್ನು ನಕಲಿಸಿಕೊಳ್ಳಬಹುದು.

ಎಲ್ಲಿಯೂ ಕೀ ಸಿಗದಿದ್ದರೆ, ಕಷ್ಟವಾದರೂ ಹೇಳಲೇಬೇಕು: ಕಳೆದುಹೋದ ಕೀಯನ್ನು ಮೈಕ್ರೋಸಾಫ್ಟ್ ಸಹ ಮರುಸೃಷ್ಟಿಸಿ ಕೊಡಲಾರದು, ಊಹಿಸಿ ತೆರೆಯುವುದು ಸಾಧ್ಯವೂ ಇಲ್ಲ. ಕೀ ಇಲ್ಲದೆಯೇ ಡೇಟಾ ತೆಗೆದುಕೊಡುತ್ತೇವೆ ಎಂದು ಮುಂಗಡ ಹಣ ಕೇಳುವವರನ್ನು ನಂಬಬೇಡಿ. ಮುಂದೆಂದಾದರೂ ಕೀ ಸಿಗುವ ಆಸೆಯಿದ್ದರೆ ಆ ಡಿಸ್ಕನ್ನು ಹಾಗೆಯೇ ತೆಗೆದಿಟ್ಟು, ಲ್ಯಾಪ್‌ಟಾಪಿಗೆ ಹೊಸ ಡಿಸ್ಕ್ ಹಾಕಿಸಿ.

ಒಳಗೆ ಹೋದವರು ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿಕೊಂಡ ಬಳಿಕ, ಸ್ಟಾರ್ಟ್ ಮೆನುವಿನಲ್ಲಿ 'ಮ್ಯಾನೇಜ್ ಬಿಟ್‌ಲಾಕರ್' ಎಂದು ಹುಡುಕಿ, ಕೀಯನ್ನು ಬ್ಯಾಕಪ್ ಮಾಡುವ ಆಯ್ಕೆಯಿಂದ ಅದನ್ನು ಪ್ರಿಂಟ್ ತೆಗೆದು, ಮನೆಯ ಇತರ ದಾಖಲೆಗಳ ಜೊತೆ ಇಡಿ. ಪ್ರತಿ ಸಲವೂ ಕೀ ಕೇಳುತ್ತಿದ್ದರೆ, ಪ್ರೊ ಆವೃತ್ತಿಯಲ್ಲಿ ಅದೇ ಪುಟದ 'ಸಸ್ಪೆಂಡ್ ಪ್ರೊಟೆಕ್ಷನ್' ಒತ್ತಿ, ಆಮೇಲೆ 'ರಿಸ್ಯೂಮ್' ಮಾಡಿದರೆ ಟಿಪಿಎಂ ಈಗಿನ ಸ್ಥಿತಿಯನ್ನು ಸರಿಯೆಂದು ಒಪ್ಪಿಕೊಳ್ಳುತ್ತದೆ. ಬಯೋಸ್ ಅಪ್‌ಡೇಟಿಗೆ ಮುನ್ನವೂ ಹೀಗೆ ಸಸ್ಪೆಂಡ್ ಮಾಡುವುದು ಒಳ್ಳೆಯದು. ಮದರ್‌ಬೋರ್ಡ್ ಬದಲಿಸಲು ಲ್ಯಾಪ್‌ಟಾಪನ್ನು ಸರ್ವಿಸ್ ಸೆಂಟರಿಗೆ ಕೊಡುವ ಮುನ್ನವಂತೂ ಕೀ ನಿಮ್ಮ ಬಳಿ ಇರಲೇಬೇಕು, ಏಕೆಂದರೆ ಹಳೆಯ ಬೋರ್ಡಿನ ಟಿಪಿಎಂ ಕಾದಿಟ್ಟಿದ್ದ ಕೀಲಿ ಹೊಸ ಬೋರ್ಡಿಗೆ ಬರುವುದಿಲ್ಲ.