ಗಂಡು ಮುರುಗಲು ಮರದಲ್ಲಿ ಹಣ್ಣು ಕೊಯ್ದೆ

ನಮ್ಮ ಸಿದ್ದಾಪುರದ ಬೆಟ್ಟದಲ್ಲಿದ್ದ, ಹಣ್ಣೇ ಬಿಡದ ಗಂಡು ಮುರುಗಲು (ಕೋಕಂ, ಪುನರ್ಪುಳಿ) ಮರಗಳಿಗೆ ಹೆಣ್ಣು ಮರದ ಕಡ್ಡಿ ಕಸಿ ಕಟ್ಟಿದ್ದೆ, ಅವುಗಳಿಂದ ಈ ಬೇಸಿಗೆ ಒಂದು ಕ್ವಿಂಟಲ್ ಹತ್ತಿರ ಹಣ್ಣು ಇಳಿಯಿತು. "ಕಡಿದು ಅಡಿಕೆ ಬೇಯಿಸೋ ಒಲೆಗೆ ಹಾಕು ಮಾರಾಯ" ಅಂದವರೇ ಈಗ ಕಸಿಕಡ್ಡಿ ಕೇಳುತ್ತಿದ್ದಾರೆ.

ಬೀಜದ ಸಸಿಗೆ ಏಳೆಂಟು ವರ್ಷ ಕಾದರೂ ಅರ್ಧಕ್ಕರ್ಧ ಗಂಡು. ಅದಕ್ಕೇ ಮೊದಲು ಒಂದು ನರ್ಸರಿಯ ಕಸಿ ಸಸಿ ನೆಟ್ಟೆ. ಗುಂಡಿ, ಗೊಬ್ಬರ, ಆಳು ಸೇರಿ ಹನ್ನೆರಡು ಸಾವಿರದಷ್ಟು ಹೋಯಿತು. ಒಂದೂ ಮೇಲೇಳಲಿಲ್ಲ, ನೆಲಕ್ಕೆ ಹಬ್ಬಿ ಪೊದೆಯಾದವು. ಅಡ್ಡಟೊಂಗೆಯ ಕಡ್ಡಿ ಕಟ್ಟಿದ್ದರು. ಮುರುಗಲಿನಲ್ಲಿ ಅಂಥ ಕಡ್ಡಿ ಎಲ್ಲಿ ಕಟ್ಟಿದರೂ ಅಡ್ಡಕ್ಕೇ ಹೋಗುತ್ತದೆ.

ನೆಟ್ಟಗಿನ ಚಿಗುರು ದೊಡ್ಡ ಮರದಲ್ಲಿ ಸಿಗುವುದೇ ಕಡಿಮೆ. ಒಳ್ಳೆಯ ಹೆಣ್ಣು ಮರವೊಂದರ ನೆತ್ತಿಯನ್ನು ವರ್ಷ ಮೊದಲೇ ಸವರಿದೆ, ಬೇಕಾದಷ್ಟು ಬಂತು. ಗಂಡು ಮರಗಳನ್ನು ಸೊಂಟದೆತ್ತರಕ್ಕೆ ಕಡಿದು, ಎದ್ದ ಚಿಗುರಲ್ಲಿ ದಪ್ಪನೆಯ ಮೂರ್ನಾಲ್ಕು ಉಳಿಸಿ, ಅವುಗಳ ತುದಿ ಸೀಳಿ ಹೆಣ್ಣು ಮರದ ಕಡ್ಡಿ ಸಿಕ್ಕಿಸುವ ಸೀಳುಕಸಿ ಕಟ್ಟಿದೆ. ಪರಾಗಕ್ಕೆಂದು ಒಂದೆರಡನ್ನು ಮುಟ್ಟಲಿಲ್ಲ.

ಮೊದಲ ಸಲ ಆಷಾಢದ ಮಳೆಗೆ ಮುಕ್ಕಾಲು ಪಾಲು ಕೊಳೆಯಿತು. ಮರುವರ್ಷ ಮಳೆ ಇಳಿದ ಮೇಲೆ ಕಟ್ಟಿದ್ದರಲ್ಲಿ ನೂರಕ್ಕೆ ಅರವತ್ತು ಹಿಡಿಯಿತು. ಸೀಳಿದ ಕೂಡಲೇ ಹಳದಿ ಹಾಲು ಒಸರುತ್ತದಲ್ಲ, ಅದು ಜೋಡಿನ ನಡುವೆ ಹೆಪ್ಪುಗಟ್ಟಿದರೆ ಕಸಿ ಕೂಡುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಒಸರಿದರೆ ಮತ್ತೆ ಒರೆಸಿ, ಆಮೇಲೇ ಪಟ್ಟಿ ಸುತ್ತಬೇಕು. ಕಡ್ಡಿಯ ಎಲೆ ಸವರಿ ಎಷ್ಟು ದಿನ ಬಿಟ್ಟು ಕೊಯ್ಯುತ್ತೇನೆ ಎನ್ನುವುದನ್ನು ಮಾತ್ರ ಬರೆಯುವುದಿಲ್ಲ. ಮನೆಗೆ ಬಂದವರಿಗೆ ಮರದಡಿಯಲ್ಲೇ ತೋರಿಸುತ್ತೇನೆ.

ನಾಲ್ಕನೇ ಬೇಸಿಗೆಗೆ ಹಣ್ಣು. ಹಸಿಹಣ್ಣು ಮಾರಿದರೆ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ. ಸಿಪ್ಪೆ ಒಣಗಿಸಿದರೆ ಹತ್ತು ಕಿಲೋ ಹಣ್ಣಿಗೆ ಒಂದು ಕಿಲೋ, ಅದೂ ಮೇ ಕೊನೆಯ ಮೋಡ ಅಡ್ಡ ಬರದಿದ್ದರೆ. ಹಾಗಾಗಿ ಅರ್ಧ ಹಣ್ಣಿನ ಸಿಪ್ಪೆಯನ್ನು ಎರಡು ಪಾಲು ಸಕ್ಕರೆಯ ಜೊತೆ ಪದರಪದರವಾಗಿ ಭರಣಿಗೆ ತುಂಬಿದೆ. ಒಂದು ವಾರದಲ್ಲಿ ಕಡುಗೆಂಪು ರಸ ಬಿಟ್ಟಿತು. ಲಾಭ ನಿಜವಾಗಿ ಕಂಡದ್ದು ಆ ಬಾಟಲಿಗಳಲ್ಲೇ, ಖರ್ಚು ಕಳೆದು ಆರು ಸಾವಿರದ ಆಸುಪಾಸು. ಒಣಸಿಪ್ಪೆ ಮನೆಯ ಸಾರಿಗಾಯಿತು. ಪಿತ್ತಗಂಧೆ ಎದ್ದಾಗ ಅದನ್ನೇ ನೆನೆಸಿ ಜೀರಿಗೆ, ಬೆಲ್ಲ ಹಾಕಿ ಕುಡಿಯುತ್ತೇವೆ. ಬೀಜವನ್ನೂ ಬಿಸಾಡಲಿಲ್ಲ. ಕುಟ್ಟಿ, ನೀರಲ್ಲಿ ಕುದಿಸಿ, ತೇಲಿದ್ದನ್ನು ತೆಗೆದರೆ ಮೇಣದಂತೆ ಗಟ್ಟಿಯಾಗುವ ತುಪ್ಪ. ಅಮ್ಮನ ಒಡೆದ ಹಿಮ್ಮಡಿಗೆ ಬೇರೆ ಮುಲಾಮು ತಂದಿಲ್ಲ.

ಮುರುಗಲಿನ ಬಳಗದ್ದೇ ಇನ್ನೊಂದು ಹುಳಿಹಣ್ಣಿನ ಮರವಾದ ಉಪ್ಪಾಗೆಯ ಸಸಿಗೂ ಮುರುಗಲು ಕಟ್ಟಿ ನೋಡಿದೆ. ಚಿಗುರೇನೋ ಬಂತು, ಜೋಡಿನಲ್ಲಿ ಗಂಟಾಗಿ ನಿಂತಿದೆ. ಎರಡು ಉಳಿದಿವೆ, ಕಿತ್ತಿಲ್ಲ. ಈ ಸಲ ಮಳೆ ಇಳಿದ ಮೇಲೆ ಪರಾಗಕ್ಕೆ ಬಿಟ್ಟವನ್ನುಳಿದು ಬಾಕಿ ಗಂಡು ಮರಗಳಿಗೆ, ಹಣ್ಣು ಕೆಂಪಾಗದ ಬಿಳಿ ಮುರುಗಲು ಕಟ್ಟುತ್ತೇನೆ, ತಾಯಿಮರದ ನೆತ್ತಿ ಸವರಿಯಾಗಿದೆ.